ಕೇಳದೆ ತೆಗೆಯದ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ನನ್ನ ಮೊಬೈಲಿಗೆ ಅವರ ನಂಬರಿನಿಂದಲೇ ಬಂತು. ಹೋದವರ ನಂಬರಿನಿಂದ ಹೋದ ಸುದ್ದಿ ಬಂದರೆ ಯಾರು ನಂಬುತ್ತಾರೆ? ಅಳುವುದಕ್ಕೆ ಮೊದಲು ಆ ನಂಬರಿಗೆ ಫೋನ್ ಮಾಡಿದೆ. ಅವರ ಯಜಮಾನರು ಎತ್ತಿದರು.

"ಅಣ್ಣ, ಒಂದು ಮೆಸೇಜ್ ಬಂದಿದೆ..."

"ನಾನೇ ಕಳ್ಸಿದ್ದು ಕಣಮ್ಮ. ಬೆಳಗ್ಗೆ ಆರಕ್ಕೆ ಹೋದ್ಲು. ನೀನು ಕೇಳೇ ಕೇಳ್ತೀಯ ಅಂತ ಗೊತ್ತಿತ್ತು, ಫೋನು ಕೈಯಲ್ಲೇ ಇಟ್ಕೊಂಡು ಕೂತಿದೀನಿ."

ಆಮೇಲೆ ಅಳು ಬಂತು. ಸಾವನ್ನೂ ವಿಚಾರಿಸಿಕೊಂಡು ನಂಬುವ ಈ ಚಾಳಿಯನ್ನು ನನಗೆ ಅಂಟಿಸಿದ್ದು ಅಕ್ಕನೇ.

ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ. ನಾಗರಬಾವಿಯಲ್ಲಿ, ವಿಶ್ವವಿದ್ಯಾಲಯದ ಗೇಟಿಗೆ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ಅವರದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇತ್ತು, ಮದುವೆಗೆ ಮೊದಲು ನಾನು ಅಲ್ಲೇ ಕೆಲಸಕ್ಕಿದ್ದೆ. ಸಂಶೋಧನೆ ಮಾಡುವವರಿಂದ ಹಿಡಿದು ಹಾಸ್ಟೆಲ್ಲಿನ ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ಅಕ್ಕ. ಯಜಮಾನರ ಕಡೆಯವರು ಆ ಊರಿನ ಹಳೇ ಒಕ್ಕಲು ಮನೆಯವರು. ಹೊಲ ಲೇಔಟಾಗಿ ಹೋದ ಮೇಲೆ ಉಳಿದ ಜಾಗದಲ್ಲಿ ಮನೆ ಕಟ್ಟಿದ್ದರು, ಕೆಳಗೆ ಅಂಗಡಿ, ಮೇಲೆ ವಾಸ. ಯಜಮಾನರು ಬಸ್ ಡ್ರೈವರಾಗಿದ್ದವರು. ಅಕ್ಕ ಮಾತ್ರ ವಿಜಯನಗರದ ಹುಡುಗಿ. ಅಲ್ಲಿನ ಟೈಪಿಂಗ್ ಇನ್ಸ್ಟಿಟ್ಯೂಟೊಂದರಲ್ಲಿ ಕಲಿತು, ಕನ್ನಡ ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪರೀಕ್ಷೆ ಪಾಸಾಗಿ, ಟೈಪ್‌ರೈಟರ್ ಮೆಷಿನ್ನುಗಳನ್ನು ಗುಜರಿಗೆ ಹಾಕುವವರೆಗೂ ಅಲ್ಲೇ ಪಾಠ ಹೇಳಿದ್ದವರು.

ಆ ಮೆಷಿನ್ನು ಅವರ ಮೈಯಿಂದ ಬಿಟ್ಟು ಹೋಗಿರಲೇ ಇಲ್ಲ. ಕಂಪ್ಯೂಟರ್ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುವರು, ಸಾಲು ಮುಗಿದಾಗ ಎಡಗೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ಟೈಪ್‌ರೈಟರಿನ ಇಲ್ಲದ ಹಿಡಿಯನ್ನು ತಳ್ಳಿ ವಾಪಸು ಬರುತ್ತಿತ್ತು. ಹೊಸಬರು ನೊಣ ಓಡಿಸುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಬೆರಳಿಗೆ ಹಾಳೆ ಎಣಿಸುವ ರಬ್ಬರಿನ ಟೊಪ್ಪಿ, ಮೂಗಿನ ತುದಿಯಲ್ಲಿ ಕನ್ನಡಕ. ತಿದ್ದುಪಡಿಯನ್ನು ತೆರೆಯ ಮೇಲೆ ಮಾಡುವುದು ಅವರಿಗೆ ಒಗ್ಗುತ್ತಿರಲಿಲ್ಲ. ಪ್ರಿಂಟ್ ತೆಗೆದು, ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಆಮೇಲೆ ಕಂಪ್ಯೂಟರಿಗೆ ಏರಿಸಬೇಕು. ಎಷ್ಟು ಹಾಳೆ ದಂಡ ಅಂತ ನಾನು ಗೊಣಗಿದರೆ, "ಕಾಗದದ ಮೇಲಿದ್ರೆ ಕಣ್ಣಿಗೆ ಕಾಣತ್ತೆ ಕಣೇ, ಅದ್ರೊಳಗಿದ್ರೆ ಇದೆಯೋ ಇಲ್ವೋ ಯಾರಿಗೆ ಗೊತ್ತು" ಅನ್ನುತ್ತಿದ್ದರು.

ಅಂಥ ಅಂಗಡಿಗಳ ವ್ಯಾಪಾರ ನಡೆಯುವ ರೀತಿಯೇ ಹೆದರಿಕೆ ಹುಟ್ಟಿಸುವಂಥದ್ದು. ಗೋಡೆಯ ಮೇಲೆ ಅಂಗಡಿಯ ಇ-ಮೇಲ್ ವಿಳಾಸವನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿರುತ್ತಾರೆ. ದಾರಿಯಲ್ಲಿ ಹೋಗುವವರು ಯಾರು ಬೇಕಾದರೂ ಅದಕ್ಕೆ ಏನು ಬೇಕಾದರೂ ಕಳಿಸಿ, "ಮೇಲ್ ಮಾಡಿದೀನಿ, ಪ್ರಿಂಟ್ ಕೊಡಿ" ಅಂತ ಬಂದು ನಿಲ್ಲಬಹುದು. ಬಂದದ್ದನ್ನೆಲ್ಲ ತೆಗೆಯುವುದೇ ನಮ್ಮ ಕೆಲಸ. ಯಾವ ಫೈಲಿನಲ್ಲಿ ಯಾವ ವೈರಸ್ಸೋ ದೇವರೇ ಬಲ್ಲ. ಸೇರಿದ ಮೊದಲ ವಾರ ನಾನು, "ಹೀಗೆ ಹೆದರಿಕೊಂಡಿದ್ರೆ ವ್ಯಾಪಾರ ಆಗತ್ತಾ ಅಕ್ಕ, ಡಾಕ್ಟ್ರು ರೋಗಿಗೆ ಹೆದರ್ತಾರಾ" ಅಂದಿದ್ದೆ. ಅವರು ಸ್ಟೇಪ್ಲರಿಗೆ ಪಿನ್ನು ತುಂಬುತ್ತಾ, "ಹೆದರೋ ಡಾಕ್ಟ್ರೇ ಕಣೇ ಕೈ ತೊಳ್ಕೊಳ್ಳೋದು" ಅಂದರು.

ಅವರು ಕೈ ತೊಳೆದುಕೊಳ್ಳುತ್ತಿದ್ದ ಬಗೆ ಅಂದರೆ ಫೋನು. ಕಳಿಸಿದವರು ಯಾರೇ ಆಗಲಿ, ಫೈಲು ತೆಗೆಯುವ ಮೊದಲು ಅವರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಬೇಕು. ನೀವೇ ಕಳಿಸಿದ್ದಾ? ಫೈಲಿನ ಹೆಸರೇನು? ಎಷ್ಟು ಪುಟ? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಮಾತ್ರ ಮೌಸಿನ ಮೇಲೆ ಬೆರಳು. ಒಮ್ಮೆ ಕಾನೂನು ಓದುವ ಒಬ್ಬ ಕೌಂಟರಿಗೆ ಒರಗಿಕೊಂಡೇ ನಿಂತಿದ್ದ. ಅಕ್ಕ ಡಯಲ್ ಮಾಡಿದರು. ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಅಕ್ಕ, ನಿಮ್ಮೆದುರಿಗೇ ನಿಂತಿದೀನಲ್ಲ."

"ನೀನು ನಿಂತಿದೀಯ ಸರಿ. ಮೇಲ್ ನಿಂದೇನಾ ಅಂತ ನಂಗೆ ಗೊತ್ತಾಗ್ಬೇಕಲ್ಲ. ಎತ್ತು ಫೋನು."

ಅವನು ಎತ್ತಿದ. ಇಬ್ಬರೂ ಎರಡಡಿ ಅಂತರದಲ್ಲಿ ಮುಖ ನೋಡಿಕೊಂಡು ಫೋನಿನಲ್ಲಿ ಮಾತಾಡಿದರು. ಹದಿನಾಲ್ಕು ಪುಟ ಅಂದ, ಹದಿನಾಲ್ಕೇ ಇತ್ತು.

ಇನ್ನೊಮ್ಮೆ ಬ್ಯಾಂಕಿನ ಹೆಸರಿನಲ್ಲಿ, ನಿಮ್ಮ ಖಾತೆ ನಿಲ್ಲಿಸುತ್ತೇವೆ, ಕೂಡಲೇ ಇಲ್ಲಿ ಒತ್ತಿ ಅಂತ ಮೇಲ್ ಬಂತು. ಅಕ್ಕ ಒತ್ತಲಿಲ್ಲ, ಆ ಮೇಲಿನಲ್ಲಿದ್ದ ನಂಬರಿಗೂ ಫೋನ್ ಮಾಡಲಿಲ್ಲ. "ನೀನು ಕಳ್ಳನಾ ಅಂತ ಕೇಳಕ್ಕೆ ಕಳ್ಳನ ಮನೆಗೇ ಹೋಗ್ತಾರಾ" ಅಂದು ಅದರ ಪ್ರಿಂಟ್ ತೆಗೆದುಕೊಂಡು ಬಿಸಿಲಿನಲ್ಲಿ ಬ್ಯಾಂಕಿಗೇ ನಡೆದರು. ಟೋಕನ್ ತಗೊಂಡು ಮುಕ್ಕಾಲು ಗಂಟೆ ಕೂತು, ಮ್ಯಾನೇಜರ ಮುಂದೆ ಹಾಳೆ ಹಿಡಿದು, "ಇದು ನೀವು ಬರ್ದಿದ್ದಾ ಸಾರ್?" ಅಂದರಂತೆ. ಅವರು ಅಲ್ಲ ಅಂದದ್ದಕ್ಕೆ ಹಾಳೆಯ ಹಿಂದೆ ಹಾಗಂತ ಬರೆಸಿಕೊಂಡು, ಸೀಲು ಹಾಕಿಸಿಕೊಂಡು ಬಂದರು. ನಾನು ನಕ್ಕು ನಕ್ಕು ಸುಸ್ತಾದೆ.

ನಕ್ಕವಳು ನಾನೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಮದುವೆಯಾಗಿ ಮಲ್ಲತ್ತಹಳ್ಳಿಗೆ ಹೋದ ಮೇಲೂ ನಾನು ಅಕ್ಕನ ಕೆಲಸ ಬಿಡಲಿಲ್ಲ. ಮಗು ಹುಟ್ಟಿತ್ತು, ಗಂಡನ ಫ್ಯಾಕ್ಟರಿ ಮುಚ್ಚಿತ್ತು, ನನ್ನ ಟೈಪಿಂಗೇ ಮನೆಗೆ ಆಧಾರ. ಸಂಶೋಧಕರ ಕೈಬರಹದ ಪುಟಗಳನ್ನು ಅಕ್ಕ ಸ್ಕ್ಯಾನ್ ಮಾಡಿ ಕಳಿಸುವರು, ನಾನು ಮನೆಯಲ್ಲೇ ಟೈಪು ಮಾಡಿ ಮೇಲಿನಲ್ಲಿ ವಾಪಸು ಹಾಕುವೆ. ಹಾಕಿದ ಎರಡು ನಿಮಿಷಕ್ಕೆ ಫೋನು. "ನೀನೇ ಕಳ್ಸಿದ್ದಾ? ಹೆಸರೇನು? ಎಷ್ಟು ಪುಟ?" ದಿನಕ್ಕೆ ಹತ್ತು ಸಲ. ಮಗು ಆಗಷ್ಟೇ ಮಲಗಿರುತ್ತಿತ್ತು, ಅಥವಾ ಒಲೆಯ ಮೇಲೆ ಹಾಲಿರುತ್ತಿತ್ತು. ನನ್ನ ಹೆಸರಿನಿಂದ ನಾನಲ್ಲದೆ ಇನ್ಯಾರು ಕಳಿಸುತ್ತಾರೆ ಅಂತ ರೇಗಿಹೋಗುತ್ತಿತ್ತು. ಹೀಗಾಗಿ ಅವರು ಬಾಯಿ ತೆರೆಯುವ ಮೊದಲೇ "ಹೂಂ ಅಕ್ಕ ನಂದೇ" ಅನ್ನುವುದನ್ನು ಅಭ್ಯಾಸ ಮಾಡಿಕೊಂಡೆ.

ಏಳೆಂಟು ವರ್ಷದ ಹಿಂದಿನ ಮಾತು. ಆಗ ನಮ್ಮ ಕೈಯಲ್ಲಿ ಹಳ್ಳಿಯ ಕೆರೆಗಳ ಬಗ್ಗೆ ಕನ್ನಡದಲ್ಲಿ ಬರೆದ ಒಂದು ಮಹಾಪ್ರಬಂಧ ಇತ್ತು. ಬರೆದವಳು ಶಿರಾ ಕಡೆಯ ಹುಡುಗಿ, ಹಾಸ್ಟೆಲ್ಲಿನಲ್ಲಿದ್ದಳು. ಗಡುವನ್ನು ಅವಳಿಗೆ ಎರಡು ಸಲ ಮುಂದೂಡಿ ಕೊಟ್ಟಿದ್ದರು, ಮೂರನೆಯ ಸಲ ಇಲ್ಲ. ಸೋಮವಾರ ಸಂಜೆಯೊಳಗೆ ಬೈಂಡಾದ ಪ್ರತಿ ಕೊಡದಿದ್ದರೆ ನೋಂದಣಿ ರದ್ದು, ಐದು ವರ್ಷದ ಓದು ನೀರಿನಲ್ಲಿ ಹೋಮ. ಅವಳು ದಿನಾ ಬಂದು ಅಕ್ಕನ ಪಕ್ಕದ ಸ್ಟೂಲಿನಲ್ಲಿ ಉಗುರು ಕಚ್ಚುತ್ತಾ ಕೂರುತ್ತಿದ್ದಳು.

ಆ ಗುರುವಾರ ಮಧ್ಯಾಹ್ನ ನನಗೊಂದು ಮೇಲ್ ಬಂತು. ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಪ್ಪತ್ತನಾಲ್ಕು ಗಂಟೆಯೊಳಗೆ ಇಲ್ಲಿ ಲಾಗಿನ್ ಆಗದಿದ್ದರೆ ಎಲ್ಲ ಅಳಿಸಿಹೋಗುತ್ತದೆ ಅಂತ. ನನ್ನದು ಮೊದಲೇ ಪುಕ್ಕಲು ಜೀವ. ಬಾಕ್ಸು ತುಂಬಿದ್ದದ್ದೂ ನಿಜ, ಆ ಹುಡುಗಿಯ ಸ್ಕ್ಯಾನು ಪುಟಗಳೇ ರಾಶಿ ಬಿದ್ದಿದ್ದವು. ಅವೆಲ್ಲ ಅಳಿಸಿಹೋದರೆ ಗತಿಯೇನು? ಒತ್ತಿದೆ. ನಾನು ದಿನಾ ನೋಡುವಂಥದೇ ಪುಟ ತೆರೆಯಿತು, ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಏನೂ ಆಗಲಿಲ್ಲ. ಅಬ್ಬಾ, ಉಳಿಯಿತು ಅಂದುಕೊಂಡು ಮಗುವಿಗೆ ರಾಗಿ ಸರಿ ಕಲಸಲು ಎದ್ದೆ. ಯಾರಿಗೂ ಫೋನ್ ಮಾಡಿ ಕೇಳಲಿಲ್ಲ.

ಮಾರನೇ ದಿನ ಶುಕ್ರವಾರ ಬೆಳಗ್ಗೆ ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂದಿತ್ತು. ನಾನು ಪೈಪು ಹಿಡಿದು ಸಂಪಿನ ಬಾಯಲ್ಲಿ ಬಗ್ಗಿ ನಿಂತಿದ್ದೆ. ಟ್ಯಾಂಕರಿನವನು ಬೇಗ ಬೇಗ ಅಂತ ಅವಸರ ಮಾಡುತ್ತಿದ್ದ. ಫೋನು ಬಂತು. ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ.

"ಒಂದು ಮೇಲ್ ಬಂದಿದೆ ಕಣೇ. ತಿದ್ದಿದ ಫೈಲು ಅಂತ ಇಂಗ್ಲಿಷಲ್ಲಿ ಬರ್ದಿದೀಯ. ನೀನೇ..."

"ಹೂಂ ಅಕ್ಕ, ನಂದೇ, ತೆಗೀರಿ, ಇಲ್ಲಿ ನೀರು ಬಂದಿದೆ."

ಕಟ್ ಮಾಡಿದೆ. ಫೈಲಿನ ಹೆಸರು ಕೇಳಲು ಬಿಡಲಿಲ್ಲ, ಪುಟ ಎಷ್ಟು ಅಂತ ಕೇಳಲು ಬಿಡಲಿಲ್ಲ. ಹಿಂದಿನ ಸಂಜೆ ನಾನೊಂದು ಫೈಲು ಕಳಿಸಿದ್ದೆ, ಅದೇ ಇರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ಅಷ್ಟೂ ಅಂದುಕೊಳ್ಳಲಿಲ್ಲ, ಬಾಯಿಗೆ ಬಂದದ್ದು ಅಂದೆ.

ಅರ್ಧ ಗಂಟೆಗೆ ಮತ್ತೆ ಫೋನು. "ಸ್ವಲ್ಪ ಬಾರೇ ಇಲ್ಲಿಗೆ" ಅಂದರು. ಎಂದಿನ ಅವರ ದನಿಯಾಗಿರಲಿಲ್ಲ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಆಟೋ ಹತ್ತಿದೆ.

ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಫೈಲೂ ತೆರೆಯುತ್ತಿರಲಿಲ್ಲ. ಎಲ್ಲದರ ಹೆಸರಿನ ಮುಂದೆ ಗೊತ್ತಿಲ್ಲದ ಅಕ್ಷರಗಳು. ತೆರೆಯ ಮೇಲೆ ಕೆಂಪು ಚೌಕದಲ್ಲಿ ಇಂಗ್ಲಿಷಿನ ಬೆದರಿಕೆ, ದುಡ್ಡು ಕೊಟ್ಟರೆ ಬೀಗ ತೆಗೆಯುತ್ತೇವೆ ಅಂತ. ಅಕ್ಕ ಪ್ರತಿದಿನ ಎಲ್ಲವನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡಿ ಇಡುತ್ತಿದ್ದರು. ಆ ಹೊತ್ತಿಗೆ ಆ ಪೆನ್‌ಡ್ರೈವೂ ಕಂಪ್ಯೂಟರಿನಲ್ಲೇ ಇತ್ತು, ಅದೂ ಹೋಯಿತು. ದೀಪಾಂಜಲಿ ನಗರದಿಂದ ಬಂದ ರಿಪೇರಿಯವರು ನೆಟ್ಟಿನ ವೈರು ಕಿತ್ತು, ಒಂದು ಗಂಟೆ ತಡಕಾಡಿ, ತಲೆ ಅಲ್ಲಾಡಿಸಿದರು. "ದುಡ್ಡು ಕೊಟ್ರೂ ಗ್ಯಾರಂಟಿ ಇಲ್ಲಮ್ಮ. ಕಾಪಿ ಮಾಡಿದ್ದನ್ನ ಯಾವಾಗ್ಲೂ ಕಿತ್ತು ಬೇರೆ ಕಡೆ ಇಡ್ಬೇಕು. ಇದನ್ನ ಫಾರ್ಮ್ಯಾಟ್ ಮಾಡ್ಬೇಕು, ಬೇರೆ ದಾರಿ ಇಲ್ಲ."

ಆ ಮೇಲನ್ನು ಅಕ್ಕನ ಮೊಬೈಲಿನಲ್ಲಿ ನೋಡಿದೆ. ಮೇಲೆ ನನ್ನ ಹೆಸರಿತ್ತು, ವಿಳಾಸವೂ ನನ್ನದೇ. ಬರೆದವಳು ನಾನಲ್ಲ. ಹಿಂದಿನ ಮಧ್ಯಾಹ್ನ ನಾನು ಪಾಸ್‌ವರ್ಡ್ ಕೊಟ್ಟ ಪುಟ ನೆನಪಾಯಿತು.

"ಅಕ್ಕ, ಇದು ನಾನು ಕಳ್ಸಿದ್ದಲ್ಲ" ಅಂದೆ. ಮೇಲ್‌ಬಾಕ್ಸಿನ ಕಥೆಯನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೊದ್ಲು ಪಾಸ್‌ವರ್ಡ್ ಬದ್ಲಾಯ್ಸು, ಇನ್ಯಾರಿಗೆಲ್ಲ ಹೋಗಿದೆಯೋ ಅವರಿಗೆಲ್ಲ ಫೋನ್ ಮಾಡಿ ತೆಗೀಬೇಡಿ ಅನ್ನು" ಅಂದರು. ನಾನು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿರುವಾಗ ಆ ಹುಡುಗಿ ಬಂದಳು.

ನಾನು ಫೋನು ಕೆಳಗಿಟ್ಟೆ. ಈಗ ಅಕ್ಕ ಹೇಳುತ್ತಾರೆ, ಇವಳನ್ನೇ ಕೇಳಿದೆ, ಇವಳೇ ಹೂಂ ಅಂದಳು ಅಂತ. ಹಾಸ್ಟೆಲ್ಲಿನವರಿಗೆ ಗೊತ್ತಾದರೆ ನನ್ನ ಕೈಗೆ ಇನ್ನೊಂದು ಪುಟ ಯಾರೂ ಕೊಡುವುದಿಲ್ಲ. ಮಗುವಿನ ಹಾಲಿಗೆ ಏನು ಮಾಡುವುದು?

ಅಕ್ಕ ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿದರು. "ಒಂದು ಕೆಟ್ಟ ಮೇಲ್ ಬಂತಮ್ಮ, ಇವಳ ಹೆಸರು ಹಾಕ್ಕೊಂಡು. ಕೆಲಸದ ಗಡಿಬಿಡೀಲಿ ಇವಳನ್ನ ಕೇಳದೇನೇ ತೆಗೆದುಬಿಟ್ಟೆ. ತಪ್ಪು ನಂದು."

ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡದೆ ಮೇಜಿನ ಕೆಳಗೆ ನನ್ನ ಮೊಣಕೈ ಅದುಮಿದರು. ತೆರೆದ ಬಾಯಿ ಮುಚ್ಚಿಕೊಂಡೆ.

ಆ ಮೂರು ದಿನ ಹೇಗೆ ಕಳೆದವೋ. ಮೊದಲ ಮೂರು ಅಧ್ಯಾಯಗಳ ಹಳೆಯ ಪ್ರತಿ ಹುಡುಗಿಯ ಮೇಲಿನಲ್ಲಿ ಉಳಿದಿತ್ತು. ನಾನು ಮೇಲಿನಲ್ಲಿ ಕಳಿಸಿದ್ದೂ ಸಿಕ್ಕಿತು. ಅಕ್ಕ ಅಂಗಡಿಯಲ್ಲೇ ಟೈಪು ಮಾಡಿದ್ದ ಮಿಕ್ಕ ನೂರೆಪ್ಪತ್ತು ಪುಟ ಅವರ ಕೆಂಪು ಗುರುತಿನ ಹಾಳೆಗಳಲ್ಲಿ ಮಾತ್ರ ಇತ್ತು. ನಾನು ದಂಡ ಅಂತ ಗೊಣಗಿದ್ದ ಅವೇ ಹಾಳೆಗಳನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡೆವು. ಅವರ ಯಜಮಾನರು ಪಕ್ಕದ ಮನೆಯಿಂದ ಇನ್ನೊಂದು ಕಂಪ್ಯೂಟರ್ ಹೊತ್ತು ತಂದರು, ಹೊತ್ತು ಹೊತ್ತಿಗೆ ಕಾಫಿ ತಂದಿಟ್ಟರು. ಹುಡುಗಿ ನಮ್ಮಿಬ್ಬರ ನಡುವೆ ಕೂತು ಮುಗಿದ ಒಂದೊಂದು ಹಾಳೆಯನ್ನೂ ಓದಿ ತಾಳೆ ನೋಡುವಳು. ತಪ್ಪಾದರೆ ಅನ್ನುವ ಭಯಕ್ಕೆ ನನ್ನ ಬೆರಳು ಎಡವುತ್ತಿತ್ತು. ಅಕ್ಕನ ಬೆರಳು ಒಂದೇ ಸಮನೆ ಓಡುತ್ತಿತ್ತು.

ಶನಿವಾರ ಹುಡುಗಿ ಊಟಕ್ಕೆ ಹೋದಾಗ ಕೇಳಿದೆ. "ಯಾಕಕ್ಕ ಸುಳ್ಳು ಹೇಳಿದ್ರಿ? ನೀವು ಕೇಳಿದ್ರಲ್ಲ."

"ಕೇಳಿದ್ದು ಒಂದೇ ಪ್ರಶ್ನೆ. ಮೂರು ಕೇಳ್ಬೇಕಿತ್ತು."

"ನಾನು ಕೇಳಕ್ಕೆ ಬಿಡ್ಲಿಲ್ಲ."

"ನಂಗೆ ಬಾಡಿಗೆ ಇಲ್ಲ, ಸ್ವಂತ ಕಟ್ಟಡ. ಒಂದೆರಡು ತಿಂಗಳು ಜನ ಬರ್ದೇ ಇದ್ರೆ ಏನೂ ಮುಳುಗಲ್ಲ. ನಿನ್ನ ಹೆಸರು ಕೆಟ್ರೆ ನಿನ್ಗೆ ಏನಿದೆ ಹೇಳು. ಟೈಪ್ ಮಾಡು, ಮಾತು ಸಾಕು."

ಸೋಮವಾರ ಮೂರೂವರೆಗೆ ಬೈಂಡಿಂಗ್ ಅಂಟು ಇನ್ನೂ ಹಸಿಯಿರುವಾಗಲೇ ಹುಡುಗಿ ಪ್ರತಿಗಳನ್ನು ಎದೆಗವಚಿಕೊಂಡು ಓಡಿದಳು. ಮುಟ್ಟಿಸಿದಳು. ಆಮೇಲೆ ಡಾಕ್ಟರೇಟೂ ಆಯಿತು.

ಅಂಗಡಿಗೆ ಮಾತ್ರ ಆಮೇಲೆ ಮಹಾಪ್ರಬಂಧಗಳು ಬರುವುದು ಕಮ್ಮಿಯಾಯಿತು. ಅಕ್ಕ ಹೇಳಿದ ಹಾಗೆ ಒಂದೆರಡು ತಿಂಗಳಲ್ಲಿ ಅದು ಸರಿಹೋಗಲಿಲ್ಲ. ವಿಚಿತ್ರ ಅಂದರೆ ಹಾಸ್ಟೆಲ್ಲಿನವರು ಒಬ್ಬೊಬ್ಬರಾಗಿ ನೇರ ನನ್ನ ಮನೆಗೇ ಬರತೊಡಗಿದರು. ನನ್ನ ನಂಬರು ಇವರಿಗೆ ಹೇಗೆ ಸಿಕ್ಕಿತು ಅಂತ ನಾನು ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಅನ್ನುವ ದಿಗಿಲು. ಅಕ್ಕನಿಗೆ ಹೇಳಿದರೆ, "ಬಂದ ಕೆಲಸ ಮಾಡೇ, ಬೇಡ ಅನ್ಬೇಡ" ಅಂದರು. "ಈಗ ಎಲ್ಲರ ಹತ್ರಾನೂ ಲ್ಯಾಪ್‌ಟಾಪ್ ಇದೆ ಅಕ್ಕ, ಅದಕ್ಕೇ ನಿಮ್ಮಲ್ಲಿ ಕಮ್ಮಿ" ಅಂತ ನಾನು ಸಮಾಧಾನ ಹೇಳುತ್ತಿದ್ದೆ. ಅವರು "ಇರ್ಬೋದು ಕಣೇ" ಅನ್ನುತ್ತಿದ್ದರು. ಮೂರು ವರ್ಷಕ್ಕೆ ಟೈಪಿಂಗ್ ನಿಂತು ಬರೀ ಜೆರಾಕ್ಸ್ ಉಳಿಯಿತು, ಆಮೇಲೆ ಅದೂ ನಿಂತು ಶಟರ್ ಇಳಿಯಿತು. ಆ ಹೊತ್ತಿಗೆ ನನ್ನ ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದವು. ಬಂದವರಿಗೆ ನಿಜ ಹೇಳಿಬಿಡಬೇಕು ಅಂತ ಎಷ್ಟೋ ಸಲ ಹೊರಟಿದ್ದೇನೆ. ಪ್ರತಿಸಲವೂ ಇವತ್ತು ಬೇಡ, ಈ ಕೆಲಸವೊಂದು ಮುಗಿಯಲಿ ಅನ್ನಿಸುತ್ತಿತ್ತು. ನಾಚಿಕೆಯಾಗುತ್ತದೆ ಬರೆಯಲು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿದ್ದೆ. ಮನೆಯ ಮುಂದೆ ಶಾಮಿಯಾನ ಹಾಕಿ ಊಟಕ್ಕೆ ಎಲೆ ಹಾಸಿದ್ದರು. ಕೈ ತೊಳೆಯುವ ನಲ್ಲಿಯ ಹತ್ತಿರ ಯಾರೋ ನನ್ನ ಹೆಗಲು ಮುಟ್ಟಿದರು. ನೋಡಿದರೆ ಅದೇ ಶಿರಾ ಹುಡುಗಿ. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಮುಖ ತುಂಬಿಕೊಂಡಿದೆ.

"ಪಾಪ ಅಕ್ಕ" ಅಂದಳು. "ಎದುರಿಗೆ ನಿಂತವರಿಗೂ ಫೋನ್ ಮಾಡಿ ಕೇಳೋರು. ನನ್ನ ಹಣೆಬರಹ ನೋಡಿ, ನನ್ನ ಸಲ ಮಾತ್ರ ಕೇಳದೆ ತೆಗೆದ್ರು."

ಅವಳಲ್ಲಿ ಸಿಟ್ಟಿರಲಿಲ್ಲ, ಹಳೆಯದನ್ನು ನೆನೆಸಿಕೊಂಡು ನಗುತ್ತಿದ್ದಳು. ಆ ನಗು ನನಗೆ ತಡೆಯಲಾಗಲಿಲ್ಲ.

"ಕೇಳಿದ್ರು" ಅಂದೆ.

"ಏನು?"

"ಅವತ್ತೂ ಫೋನ್ ಮಾಡಿ ಕೇಳಿದ್ರು. ನೀರು ಹಿಡೀತಿದ್ದೆ. ನೋಡದೆ ಮಾಡದೆ ಹೂಂ ನಂದೇ ಅಂದೆ. ಪಾಸ್‌ವರ್ಡ್ ಕೊಟ್ಟಿದ್ದೂ ನಾನೇ. ಅಕ್ಕ ನಿಮ್ಮ ಹತ್ರ ಸುಳ್ಳು ಹೇಳಿದ್ರು, ನನ್ನ ಕೆಲಸ ಉಳೀಲಿ ಅಂತ."

ಅವಳು ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತಳು. ಬೈಯುತ್ತಾಳೆ ಅಂತ ಕಾದೆ. ಅವಳ ಮುಖದ ಬಣ್ಣವೇ ಇಳಿದುಹೋಯಿತು.

"ನಾನು ಹಾಸ್ಟೆಲ್ಲಲ್ಲಿ ಎಲ್ರಿಗೂ ಹೇಳ್ಬಿಟ್ಟೆ" ಅಂದಳು. "ಆ ಅಂಗಡಿಗೆ ಥೀಸಿಸ್ ಕೊಡ್ಬೇಡಿ, ಏನೇನೋ ಮೇಲ್ ತೆಗೀತಾರೆ ಅಂತ. ಜೂನಿಯರ್ಸ್‌ಗೂ ಹೇಳ್ದೆ. ನಿಮ್ಮ ನಂಬರ್ ಕೊಟ್ಟಿದ್ದೂ ನಾನೇ. ನೀವು ಜಾಗ್ರತೆ ಅಂತ."

ನಲ್ಲಿಯನ್ನು ನಾನೇ ನಿಲ್ಲಿಸಿದೆ. ಆಮೇಲೆ ಅವಳು, "ಯಜಮಾನ್ರಿಗೆ ಗೊತ್ತಾ ಇದು?" ಅಂತ ಕೇಳಿದಳು. ಗೊತ್ತಿದೆಯೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಇನ್ನು ನಾಳೆ, ನಾಡಿದ್ದು ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅವರು ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಬಗ್ಗಿ ಪಾಯಸ ಬಡಿಸುತ್ತಿದ್ದರು. ಅವರ ಪಕ್ಕಕ್ಕೆ ಹೋಗಿ, ಊಟ ಮಾಡುವವರಿಗೆ ಕೇಳಿಸದಷ್ಟು ಮೆಲ್ಲಗೆ ಎಲ್ಲ ಹೇಳಿದೆ. ಅವರು ಬಕೆಟ್ಟನ್ನು ನೆಲಕ್ಕಿಟ್ಟು ಪೂರ್ತಿ ಕೇಳಿಸಿಕೊಂಡರು. ಸೌಟು ಮಾತ್ರ ಕೈಯಲ್ಲೇ ಇತ್ತು.

"ಅಂಗಡಿ ಮುಚ್ಚಿದ ದಿನದಿಂದ ಅವಳಿಗೆ ಅದನ್ನೇ ಅಂತಿದ್ದೆ ಕಣಮ್ಮ" ಅಂದರು. "ಊರಿಗೆಲ್ಲ ಬುದ್ಧಿ ಹೇಳಿ, ನೀನೇ ಕೇಳದೆ ಹಾಳು ಮಾಡ್ಕೊಂಡೆ ಅಂತ. ಹೋದ ತಿಂಗಳೂ ಅಂದಿದ್ದೆ. ಒಂದು ಸಲವೂ ಎದುರು ಮಾತಾಡ್ಲಿಲ್ಲ ಅವಳು."